ಗಿರಾಕಿ ಸುಮ್ಮನಿದ್ದಾನೆ

ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಹೂಗ್ಲಿ ನದಿಯ ದಂಡೆಗುಂಟ ಎರಡು ಥರದ ದುಡಿಮೆ ಅಕ್ಕಪಕ್ಕದಲ್ಲೇ ಇದೆ. ಒಂದಕ್ಕೆ ಎತ್ತರದ ಕಾಂಪೌಂಡು, ಗೇಟು, ಹಾಜರಿ, ತಿಂಗಳಾದರೆ ಸಂಬಳ. ಯುದ್ಧನೌಕೆ ಕಟ್ಟುವ ಗಾರ್ಡನ್ ರೀಚ್ ಶಿಪ್‌ಬಿಲ್ಡರ್ಸ್ ಮತ್ತು ಆಗ್ನೇಯ ರೈಲ್ವೆಯ ಪ್ರಧಾನ ಕಚೇರಿ ಈ ಬಗೆಯವು. ಇನ್ನೊಂದಕ್ಕೆ ಗೇಟೇ ಇಲ್ಲ. ಅದು ಮಟಿಯಾಬುರ್ಜ್‌ನ ಗಲ್ಲಿಗಳಲ್ಲಿ, ಮನೆಯ ಮುಂಗೋಣೆಯಲ್ಲಿ, ಮಹಡಿಯ ಮೇಲೆ, ಸಾಲು ಹೊಲಿಗೆ ಯಂತ್ರಗಳ ಮುಂದೆ ನಡೆಯುತ್ತದೆ. ಅಲ್ಲಿ ಸಂಬಳ ಇಲ್ಲ, ಪೀಸಿಗಿಷ್ಟು ಎಂದು ಲೆಕ್ಕ. ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಅಪ್‌ವರ್ಕ್, ಫೈವರ್, ಫ್ರೀಲಾನ್ಸರ್ ಮುಂತಾದ ತಾಣಗಳಲ್ಲಿ ಕೆಲಸ ಹುಡುಕುವ ಇವತ್ತಿನ ಹುಡುಗ ಹುಡುಗಿಯರ ದುಡಿಮೆ ಈ ಎರಡನೆಯದರ ಜಾತಿಯದು. ಹೊಲಿಗೆಯ ಬದಲು ಅನುವಾದ, ಲೋಗೋ, ಕೋಡು, ವಿಡಿಯೊ ಎಡಿಟಿಂಗ್ ಎಂದಿಟ್ಟುಕೊಳ್ಳಿ. ಉಳಿದಂತೆ ಅದೇ ಪೀಸ್ ರೇಟು, ಅದೇ ಸ್ವಂತ ಕರೆಂಟು, ಅದೇ ಸ್ವಂತ ಬೆನ್ನುನೋವು.

ಮಟಿಯಾಬುರ್ಜ್‌ನ ವ್ಯವಸ್ಥೆಯ ನಡುಗಂಬ ಓಸ್ತಾಗರ್. ಆತ ಅರ್ಧ ದರ್ಜಿ, ಅರ್ಧ ವ್ಯಾಪಾರಿ. ಥಾನುಗಟ್ಟಲೆ ಬಟ್ಟೆ ಕೊಂಡು ತರುತ್ತಾನೆ, ಅಳತೆ ಹಾಕಿ ಕತ್ತರಿಸುತ್ತಾನೆ. ಕಾಲರು, ತೋಳು, ಎದೆಭಾಗಗಳ ತುಂಡುಗಳನ್ನು ಸೈಜುವಾರು ಗಂಟು ಕಟ್ಟಿ ಕಾರಿಗಾರರಿಗೆ ಹಂಚುತ್ತಾನೆ. ಒಬ್ಬ ಹೊಲಿದದ್ದಕ್ಕೆ ಇನ್ನೊಬ್ಬ ಕಾಜಾ ಹಾಕುತ್ತಾನೆ, ಮತ್ತೊಬ್ಬ ಇಸ್ತ್ರಿ ಮಾಡಿ ಪ್ಯಾಕ್ ಮಾಡುತ್ತಾನೆ. ಮಕ್ಕಳ ಫ್ರಾಕು, ಜೀನ್ಸು, ಶರ್ಟುಗಳು ವಾರದ ಕೊನೆಯ ಹಾಟ್‌ಗೆ, ಅಂದರೆ ನಮ್ಮ ಸಂತೆಗೆ, ಹೋಗುತ್ತವೆ. ಬಿಹಾರ, ಅಸ್ಸಾಂ, ಒಡಿಶಾಗಳಿಂದ ಬಂದ ಅಂಗಡಿಯವರು ಅಲ್ಲಿ ಸಗಟಿಗೆ ಎತ್ತುತ್ತಾರೆ. ಪೂರ್ತಿ ದುಡ್ಡು ಕೈಯಲ್ಲಿ ಹಿಡಿದು ಬರುವವರು ಕಡಿಮೆ. ಒಂದಿಷ್ಟು ನಗದು, ಉಳಿದದ್ದು ಖಾತೆಗೆ. ಮುಂದಿನ ಸಲ ಮಾಲು ಎತ್ತಲು ಬಂದಾಗ ಹಿಂದಿನ ಬಾಕಿಯಲ್ಲಿ ಒಂದು ಪಾಲು ತೀರುತ್ತದೆ, ಹೊಸ ಬಾಕಿ ಹುಟ್ಟುತ್ತದೆ.

ಇಲ್ಲಿ ಬಾಕಿಗೆ ಜಾಮೀನು ಕಾಗದವಲ್ಲ. ಆ ಅಂಗಡಿಯವನಿಗೆ ಈದ್‌ಗೂ ದುರ್ಗಾಪೂಜೆಗೂ ಮತ್ತೆ ಮಾಲು ಬೇಕು, ಅದಕ್ಕೆ ಇದೇ ಗಲ್ಲಿಗೆ ಬರಬೇಕು ಎಂಬುದೇ ಜಾಮೀನು. ಒಬ್ಬ ಓಸ್ತಾಗರನಿಗೆ ಕೈಕೊಟ್ಟವನ ಹೆಸರು ಪಕ್ಕದ ಹತ್ತು ಮಳಿಗೆಗಳಿಗೆ ತಲುಪಲು ಒಂದು ಚಹಾದ ಹೊತ್ತು ಸಾಕು. ಹಾಗೆಂದು ಇದನ್ನು ಸುಂದರ ಹಳೆಯ ಲೋಕವೆಂದು ಬಣ್ಣಿಸುವ ಹುರುಪು ನನಗಿಲ್ಲ. ಕೈಕೊಡುವವರು ಅಲ್ಲೂ ಇದ್ದಾರೆ. ಹಾಗಾದಾಗ ಓಸ್ತಾಗರ್ ತನ್ನ ನಷ್ಟವನ್ನು ಕಾರಿಗಾರನ ವಾರದ ಲೆಕ್ಕಕ್ಕೆ ದಾಟಿಸುವುದೂ ಉಂಟು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಈದ್‌ಗೆ ಸರಿಯಾಗಿ ಎರಡು ತಿಂಗಳಿತ್ತು. ಹಬ್ಬದ ಮಾಲು ಕತ್ತರಿಸಿ ಹೊಲಿಯುವ ಹೊತ್ತು ಅದು. ಬರಬೇಕಾದ ಗಿರಾಕಿ ರೈಲೇ ಇಲ್ಲದೆ ಬರಲಿಲ್ಲ, ಬಾಕಿಯೂ ಬರಲಿಲ್ಲ.

ಗಾರ್ಡನ್ ರೀಚ್‌ಗೆ ದೊಡ್ಡ ಗಿರಾಕಿಗಳ ಬಾಕಿಯ ಅನುಭವ ಇನ್ನೂ ಹಳೆಯದು. ಅವಧ್ ರಾಜ್ಯವನ್ನು ಈಸ್ಟ್ ಇಂಡಿಯಾ ಕಂಪನಿ ಕಿತ್ತುಕೊಂಡ ಮೇಲೆ 1856ರಲ್ಲಿ ನವಾಬ ವಾಜಿದ್ ಅಲಿ ಶಾಹ್ ಇಲ್ಲಿಗೆ ಬಂದ. ಅವನ ಹಿಂದೆ ಬಾಣಸಿಗರು, ಗಾಯಕರು, ದರ್ಜಿಗಳು ಎಲ್ಲ ಬಂದರು. ಮಟಿಯಾಬುರ್ಜ್‌ನ ಹೊಲಿಗೆ ಕಸುಬು ಆ ದರ್ಜಿಗಳಿಂದಲೇ ಹುಟ್ಟಿತು ಎನ್ನುವುದು ಜನಜನಿತ ಕಥೆ. ಸುತ್ತಲಿನ ಬಂಗಾಳಿ ಮುಸ್ಲಿಂ ದರ್ಜಿ ಕುಟುಂಬಗಳ ಪಾಲನ್ನು ಈ ಕಥೆ ನುಂಗಿಬಿಡುತ್ತದೆ, ಅದು ಬೇರೆ ಮಾತು. ನವಾಬನಿಗೆ ತಿಂಗಳಿಗೆ ಒಂದು ಲಕ್ಷ ರೂಪಾಯಿ ಪಿಂಚಣಿ. ಅದು ಸಾಲುತ್ತಿರಲಿಲ್ಲ. ಬಾಲ್ಯವನ್ನು ಮಟಿಯಾಬುರ್ಜ್‌ನಲ್ಲೇ ಕಳೆದ ಉರ್ದು ಲೇಖಕ ಅಬ್ದುಲ್ ಹಲೀಂ ಶರರ್, ಒಂದು ಜೋಡಿ ರೇಷ್ಮೆರೆಕ್ಕೆಯ ಪಾರಿವಾಳಕ್ಕೆ ನವಾಬ 24,000 ರೂಪಾಯಿ ಕೊಟ್ಟದ್ದನ್ನು ಬರೆದಿಟ್ಟಿದ್ದಾನೆ. 1887ರಲ್ಲಿ ನವಾಬ ತೀರಿಕೊಂಡ ಮೇಲೆ ಅವನ ಎಸ್ಟೇಟನ್ನು ಇತ್ಯರ್ಥ ಮಾಡಲು ಸರಕಾರ ಒಂದು ಕಾಯ್ದೆಯನ್ನೇ ತರಬೇಕಾಯಿತು. ಪಾರಿವಾಳ ಮಾರಿದವನು ಅರಮನೆಯ ಬಾಗಿಲಲ್ಲಿ ಕೂತು ಕಾಯಬಹುದಿತ್ತು, ಬಾಗಿಲು ಎಲ್ಲಿದೆ ಎಂದಾದರೂ ಅವನಿಗೆ ಗೊತ್ತಿತ್ತು.

ಆನ್‌ಲೈನ್‌ನಲ್ಲಿ ಕೆಲಸ ಮಾಡುವವರಿಗೆ ಆ ಬಾಗಿಲು ಗೊತ್ತಿಲ್ಲ. ಅವರಲ್ಲಿ ಯಾರನ್ನೇ ಮಾತಾಡಿಸಿ, ರೇಟು ಕಡಿಮೆ ಎಂಬ ದೂರು ಎರಡನೆಯದಾಗಿ ಬರುತ್ತದೆ. ಮೊದಲನೆಯದು, ‘ರಿಪ್ಲೈನೇ ಇಲ್ಲ ಸಾರ್.’

ಈ ಮೌನದಲ್ಲೂ ದರ್ಜೆಗಳಿವೆ. ಅರ್ಜಿ ಹಾಕಿದ ಮೇಲೆ ಗಿರಾಕಿ ಅದನ್ನು ತೆರೆದೂ ನೋಡದಿರುವುದು ಮೊದಲನೆಯದು. ಅಪ್‌ವರ್ಕ್‌ನಲ್ಲಿ ಒಂದು ಕೆಲಸದ ಪೋಸ್ಟ್ ತೆರೆದರೆ ಕೆಳಗೆ ಪುಟ್ಟ ಅಕ್ಷರಗಳಲ್ಲಿ ಕೆಲವು ಸಾಲುಗಳಿರುತ್ತವೆ. ಅರ್ಜಿಗಳು: 20ರಿಂದ 50. ಗಿರಾಕಿ ಕೊನೆಯ ಸಲ ನೋಡಿದ್ದು: ಇಂತಿಷ್ಟು ದಿನದ ಹಿಂದೆ. ಸಂದರ್ಶನದಲ್ಲಿರುವವರು: 0. ಹೊಸಬರು ಇದನ್ನು ಜಾತಕದಂತೆ ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಾರೆ. ಅರ್ಜಿ ಹಾಕುವುದೇನೂ ಬಿಟ್ಟಿಯಲ್ಲ, ಅದಕ್ಕೆ ‘ಕನೆಕ್ಟ್’ ಎಂಬ ಟೋಕನ್ ಖರ್ಚಾಗುತ್ತದೆ. 2019ರಿಂದ ಒಂದು ಕನೆಕ್ಟಿಗೆ 15 ಸೆಂಟ್ ಬೆಲೆ. ಹತ್ತು ಕನೆಕ್ಟ್ ಕೇಳುವ ಕೆಲಸಕ್ಕೆ ಕೈ ಹಾಕಿದರೆ ಒಂದೂವರೆ ಡಾಲರ್, ಅಂದರೆ ನೂರು ರೂಪಾಯಿಯ ಮೇಲೆ ಹೋಯಿತು. ಕೇಳಿದ್ದಕ್ಕೇ ದುಡ್ಡು. ಉತ್ತರದ ಖಾತ್ರಿ ಆ ದುಡ್ಡಿನಲ್ಲಿ ಸೇರಿಲ್ಲ.

ಎರಡನೆಯದು ಸ್ಯಾಂಪಲ್ ಕೇಳಿ ಮಾಯವಾಗುವುದು. ಕನ್ನಡ ಅನುವಾದಕರಿಗೆ ಇದು ಚೆನ್ನಾಗಿ ಗೊತ್ತು. ‘ಇನ್ನೂರು ಪದದ ಟೆಸ್ಟ್ ಅಷ್ಟೇ ಮೇಡಂ, ಪಾಸಾದರೆ ದೊಡ್ಡ ಪ್ರಾಜೆಕ್ಟ್ ಇದೆ’ ಎಂದು ಒಂದು ಪುಟ ಬರುತ್ತದೆ. ರಾತ್ರಿ ಕೂತು ಮಾಡಿ ಕಳಿಸಿದ ಮೇಲೆ ಪಾಸೂ ಇಲ್ಲ, ಫೇಲೂ ಇಲ್ಲ. ಒಂದೇ ಪುಸ್ತಕವನ್ನು ಪುಟಪುಟವಾಗಿ ಹರಿದು ಬೇರೆ ಬೇರೆಯವರಿಗೆ ‘ಟೆಸ್ಟ್’ ಎಂದು ಹಂಚಿ ಬಿಟ್ಟಿ ಕೆಲಸ ತೆಗೆಯುತ್ತಾರೆ ಎಂಬ ಗುಮಾನಿ ಈ ವಲಯದಲ್ಲಿ ಬಹಳ ಹಳೆಯದು. ಅದು ಎಷ್ಟು ಸಲ ನಿಜವೋ, ಆದರೆ ಉತ್ತರ ಬಾರದ ಕಡೆ ಗುಮಾನಿ ಬೆಳೆಯುವುದು ಸಹಜವೇ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಕೆಲಸ ಮುಗಿಸಿ ಫೈಲ್ ಕಳಿಸಿದ ಮೇಲಿನ ಮೌನ. ಚೆನ್ನಾಗಿದೆ ಎಂದೂ ಇಲ್ಲ, ತಿದ್ದು ಎಂದೂ ಇಲ್ಲ. ಎರಡನೆಯ ಮೆಸೇಜಿಗೆ ‘ಬ್ಯುಸಿ ಇದ್ದೆ, ನಾಳೆ ನೋಡುತ್ತೇನೆ’ ಎಂಬ ಉತ್ತರ, ಮೂರನೆಯದಕ್ಕೆ ನೀಲಿ ಟಿಕ್ ಮಾತ್ರ.

ಗಿರಾಕಿಗಳೆಲ್ಲ ಖದೀಮರು ಎಂದರೆ ಅನ್ಯಾಯವಾದೀತು. ಬಹಳಷ್ಟು ಜನ ಸಣ್ಣ ಅಂಗಡಿಯವರು, ಮೇಲಿನವರು ಹೇಳಿದ್ದಕ್ಕೆ ರೇಟು ವಿಚಾರಿಸುವ ಕಚೇರಿಯ ಗುಮಾಸ್ತರು. ಒಂದು ಪೋಸ್ಟಿಗೆ ಐವತ್ತು ಅರ್ಜಿ ಬಂದು ಬೀಳುತ್ತವೆ. ಈಗೀಗ ಅದರಲ್ಲಿ ಎಷ್ಟೋ ಅರ್ಜಿಗಳು ಯಂತ್ರ ಬರೆದುಕೊಟ್ಟವು, ಒಂದರಂತೆ ಇನ್ನೊಂದು. ಅಷ್ಟರಲ್ಲಿ ಪ್ರಾಜೆಕ್ಟೇ ರದ್ದಾಗಿರುತ್ತದೆ. ‘ಬೇಡ’ ಎನ್ನಲು ನಮ್ಮ ಜನಕ್ಕೆ ಇರುವ ಸಂಕೋಚ ಬೇರೆ. ದ್ವೇಷಕ್ಕಿಂತ ಸೋಮಾರಿತನವೇ ಹೆಚ್ಚು ಎಂಬುದು ನನ್ನ ಅಂದಾಜು. ಸುಮ್ಮನಿರುವುದರಿಂದ ಗಿರಾಕಿಯ ಜೇಬಿಗೆ ಒಂದು ಪೈಸೆಯ ಹೊರೆಯೂ ಇಲ್ಲದಿರುವಾಗ ಸೋಮಾರಿತನಕ್ಕೆ ತಡೆಯಾದರೂ ಎಲ್ಲಿದೆ?

ಈ ತಾಣಗಳು ಅಳೆಯುವುದು ಯಾರನ್ನು ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಫೈವರ್‌ನಲ್ಲಿ ಕೆಲಸ ಮಾಡುವವರ ಪುಟದಲ್ಲಿ ‘ಸರಾಸರಿ ಉತ್ತರ ಸಮಯ: 1 ಗಂಟೆ’ ಎಂಬ ಸಾಲು ಎದ್ದು ಕಾಣುತ್ತದೆ. ಎಷ್ಟು ಮೆಸೇಜಿಗೆ ಎಷ್ಟು ಬೇಗ ಉತ್ತರಿಸಿದರು ಎಂಬುದರ ಮೇಲೆ ಅವರ ದರ್ಜೆಯೂ ನಿಂತಿದೆ. ಅದಕ್ಕೇ ಮದುವೆ ಮನೆಯಲ್ಲೂ ಫೋನು ಕೈಬಿಡದ ಫ್ರೀಲಾನ್ಸರ್‌ಗಳನ್ನು ನೋಡುತ್ತೇವೆ. ಕೊಳ್ಳುವವರ ಪುಟದಲ್ಲಿ ಅಂಥ ಗಡಿಯಾರ ಇಲ್ಲ. ಅಪ್‌ವರ್ಕ್ ಗಿರಾಕಿಯ ಬಗ್ಗೆ ಅಷ್ಟಿಷ್ಟು ಹೇಳುತ್ತದೆ: ಒಟ್ಟು ಎಷ್ಟು ಖರ್ಚು ಮಾಡಿದ್ದಾನೆ, ಹಾಕಿದ ಪೋಸ್ಟುಗಳಲ್ಲಿ ಶೇಕಡಾ ಎಷ್ಟಕ್ಕೆ ಜನ ತೆಗೆದುಕೊಂಡಿದ್ದಾನೆ, ಪಾವತಿ ವಿಧಾನ ಪರಿಶೀಲಿತವೇ ಎಂದು. ಅನುಭವಸ್ಥರು ಮೊದಲು ನೋಡುವುದು ಇದನ್ನೇ. ನಾಲ್ಕು ಪೋಸ್ಟ್ ಹಾಕಿ ಒಬ್ಬರನ್ನೂ ತೆಗೆದುಕೊಳ್ಳದವನ ಐದನೆಯ ಪೋಸ್ಟಿಗೆ ಅವರು ಕನೆಕ್ಟ್ ಸುಡುವುದಿಲ್ಲ. ಆದರೆ ‘ಈತ ಉತ್ತರಿಸುವವನೇ?’ ಎಂಬ ಪ್ರಶ್ನೆಗೆ ಅಲ್ಲಿ ನೇರ ಅಂಕಿ ಸಿಗುವುದಿಲ್ಲ.

ದುಡಿಯುವವರನ್ನು ಮಾತ್ರ ಅಳೆಯುವುದು ಈ ತಾಣಗಳ ಹುಟ್ಟುಗುಣ ಎನಿಸುತ್ತದೆ. ಇಂದಿನ ಅಪ್‌ವರ್ಕ್ ಎರಡು ಕಂಪನಿಗಳು ಕೂಡಿ ಆದದ್ದು: 1999ರ ಈಲಾನ್ಸ್ ಮತ್ತು 2003ರ ಓಡೆಸ್ಕ್. 2013ರ ಕೊನೆಯಲ್ಲಿ ಒಂದಾಗುವುದಾಗಿ ಪ್ರಕಟಿಸಿದವು, 2015ರಲ್ಲಿ ಹೆಸರು ಬದಲಾಯಿತು. ಓಡೆಸ್ಕ್ ಕಟ್ಟಿದವರು ಇಬ್ಬರು ಗ್ರೀಕ್ ಗೆಳೆಯರು. ಒಬ್ಬ ಅಮೆರಿಕದಲ್ಲಿ, ಇನ್ನೊಬ್ಬ ಅಥೆನ್ಸ್‌ನಲ್ಲಿ. ದೂರದಲ್ಲಿರುವ ಗೆಳೆಯ ನಿಜಕ್ಕೂ ಕೆಲಸ ಮಾಡುತ್ತಿದ್ದಾನೆ ಎಂದು ಕೆಲಸ ಕೊಡುವವರು ನಂಬುವುದು ಹೇಗೆ ಎಂಬ ತೊಡಕಿನಿಂದ ಅದು ಹುಟ್ಟಿತು. ಗಂಟೆ ಲೆಕ್ಕದ ಕೆಲಸಗಳಲ್ಲಿ ದುಡಿಯುವವರ ಪರದೆಯ ಚಿತ್ರವನ್ನು ಹತ್ತು ನಿಮಿಷಕ್ಕೊಮ್ಮೆ ತೆಗೆಯುವ ಏರ್ಪಾಡು ಇವತ್ತಿಗೂ ಇದೆ. ದೂರದ ಗಿರಾಕಿ ದುಡ್ಡು ಕೊಟ್ಟಾನೆಂದು ದುಡಿಯುವವರು ನಂಬುವುದು ಹೇಗೆ ಎಂಬ ಪ್ರಶ್ನೆಗೆ ಬಂದ ಉತ್ತರ ಅಷ್ಟು ಬಿಗಿಯಾಗಿಲ್ಲ.

ಬಂಗಾಳಕ್ಕೆ ಈ ಪ್ರಶ್ನೆಯ ಹಳೆಯ ಉತ್ತರವೊಂದು ಗೊತ್ತಿತ್ತು: ಮುಂಗಡ. ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ಬಟ್ಟೆಯನ್ನು ದಾದನಿ ವರ್ತಕರ ಮೂಲಕ ಕೊಳ್ಳುತ್ತಿತ್ತು. ವರ್ತಕ ನೇಕಾರನಿಗೆ ಮೊದಲೇ ದುಡ್ಡು ಕೊಟ್ಟು ಮಾಲು ಎತ್ತುತ್ತಿದ್ದ. 1753ರಲ್ಲಿ ಕಂಪನಿ ಆ ವರ್ತಕರನ್ನು ಬಿಟ್ಟು ತನ್ನ ಸಂಬಳದ ಗುಮಾಸ್ತರನ್ನೇ ನೇಕಾರರ ಮನೆಬಾಗಿಲಿಗೆ ಕಳಿಸಿತು. ಮುಂಗಡ ಹಿಡಿದ ನೇಕಾರ ಬೇರೆಯವರಿಗೆ ಒಂದು ಮೊಳವನ್ನೂ ಮಾರುವಂತಿರಲಿಲ್ಲ, ಕಂಪನಿ ಹೇಳಿದ ಬೆಲೆಯೇ ಬೆಲೆ. ದುಡ್ಡು ಮುಂಚೆ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನು ನೆನೆಯಬೇಕು. ಆಗ ಮುಂಗಡ ದುಡಿಯುವವನ ಕುತ್ತಿಗೆಯ ಹಗ್ಗವಾಯಿತು, ಈಗ ಮುಂಗಡ ಕೇಳಿದರೆ ಗಿರಾಕಿ ಓಡುತ್ತಾನೆ. ಇವೆರಡರ ನಡುವೆ ಇರುವುದೇ ಎಸ್ಕ್ರೊ: ದುಡ್ಡನ್ನು ಕೆಲಸಕ್ಕೆ ಮುಂಚೆಯೇ ಮೂರನೆಯವರ ಕೈಯಲ್ಲಿ ಕಟ್ಟಿಡುವುದು.

ಅಪ್‌ವರ್ಕ್‌ನ ನಿಶ್ಚಿತ ಮೊತ್ತದ ಕೆಲಸಗಳಲ್ಲಿ ಗಿರಾಕಿ ಮೊದಲೇ ಕಂತಿನ ದುಡ್ಡನ್ನು ಎಸ್ಕ್ರೊದಲ್ಲಿ ಇಡಬೇಕು. ಕೆಲಸ ಒಪ್ಪಿಸಿದ ಮೇಲೆ ಅವನಿಗೆ 14 ದಿನ ಸಮಯ. ಒಪ್ಪಬಹುದು, ತಿದ್ದುಪಡಿ ಕೇಳಬಹುದು. ಏನೂ ಹೇಳದಿದ್ದರೆ ದುಡ್ಡು ತಾನೇ ಬಿಡುಗಡೆ. ಫೈವರ್‌ನಲ್ಲಿ ಇದೇ ಗಡುವು ಮೂರು ದಿನ. ನೋಡಿ, ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಇಲ್ಲಿ ಮದುವೆ ಮಾತುಕತೆಯ ಚಟಾಕಿಯಾಗಿ ಉಳಿಯದೆ ನಿಯಮವಾಗಿಬಿಟ್ಟಿದೆ. ಈ ಒಂದು ಜಾಗದಲ್ಲಿ ಮಾತ್ರ ಸುಮ್ಮನಿದ್ದವನಿಗೆ ನಷ್ಟ. ಇದರ ಗುಟ್ಟು ಗೊತ್ತಿರುವ ಗಿರಾಕಿ ಹದಿಮೂರನೆಯ ದಿನ ‘ಸ್ವಲ್ಪ ಬದಲಾವಣೆ ಬೇಕು’ ಎಂದು ಒತ್ತಿ ಮತ್ತೆ ಮಲಗುತ್ತಾನೆ ಅನ್ನಿ. ಆದರೂ ಅವನು ಒಂದು ಮಾತು ಆಡಬೇಕಾಯಿತಲ್ಲ. ಮಾತು ಆಡಿದವನ ಜತೆ ಜಗಳವಾದರೂ ಸಾಧ್ಯ.

ಕನ್ನಡ ವಾರಪತ್ರಿಕೆಗಳಿಗೆ ಕಥೆ ಕಳಿಸುತ್ತಿದ್ದವರಿಗೆ ಮೌನದ ಗಡುವು ಹೊಸದಲ್ಲ. ‘ಇಷ್ಟು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಸ್ವೀಕೃತ ಎಂದು ತಿಳಿಯಿರಿ, ಮರಳಿ ಬೇಕಿದ್ದರೆ ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಇಡಿ’ ಎಂದು ಮೂಲೆಯಲ್ಲಿ ಅಚ್ಚಾಗಿರುತ್ತಿತ್ತು. ಅಲ್ಲಿ ಮೌನದ ಅರ್ಥ ‘ಇಲ್ಲ’ ಎಂದು. ಕಹಿಯಾದರೂ ಲೆಕ್ಕ ಸ್ಪಷ್ಟ, ಆ ದಿನ ದಾಟಿದರೆ ಕಥೆಯನ್ನು ಇನ್ನೊಬ್ಬ ಸಂಪಾದಕರಿಗೆ ಕಳಿಸಬಹುದು. ಮೌನಕ್ಕೆ ಅರ್ಥವೂ ಇಲ್ಲ, ಕೊನೆಯ ದಿನವೂ ಇಲ್ಲ ಎಂಬುದೇ ಇವತ್ತಿನ ಹಿಂಸೆ.

ದುಡಿದದ್ದನ್ನು ಕೈಗೆ ತೆಗೆದುಕೊಂಡು ದುಡ್ಡು ಕೊಡದ ಸಮಸ್ಯೆಯನ್ನು ಕರಾವಳಿಯ ಬೀಡಿ ಕಟ್ಟುವ ಹೆಂಗಸರು ಇಂಟರ್ನೆಟ್ಟಿಗಿಂತ ಎಷ್ಟೋ ಮೊದಲು ಕಂಡವರು. ದಕ್ಷಿಣ ಕನ್ನಡ, ಕಾಸರಗೋಡಿನ ಮನೆಗಳಿಗೆ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ಬರುತ್ತವೆ. ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತದೆ. ಅಲ್ಲಿ ಪರೀಕ್ಷಿಸುವವನು ಕೈಯಲ್ಲಿ ಹಿಡಿದು, ಸರಿಯಿಲ್ಲ ಎಂದು ಒಂದಿಷ್ಟನ್ನು ಪಕ್ಕಕ್ಕೆ ತಳ್ಳುತ್ತಾನೆ. ತಳ್ಳಿದ್ದಕ್ಕೆ ಕೂಲಿ ಇಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಎಣಿಸಿತು, ಅದರ ಕೆಳಗಿನ ನಿಯಮಗಳು ತಿರಸ್ಕರಿಸುವುದಕ್ಕೆ ಒಂದು ಮಿತಿ ಹಾಕಿದವು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಕಾಯ್ದೆ ಉಳಿಯಿತು. ಮನೆಯೇ ಕಾರ್ಖಾನೆಯಾದಾಗಲೂ ಕೆಲಸ ಕೊಟ್ಟವನ ಹೊಣೆ ತಪ್ಪದು ಎಂಬುದನ್ನು ಕನ್ನಡನಾಡಿನ ಕಸುಬೊಂದು ಐವತ್ತು ವರ್ಷದ ಹಿಂದೆಯೇ ಕೋರ್ಟಿನಲ್ಲಿ ಗೆದ್ದು ತೋರಿಸಿದೆ.

ಈಗಿನ ಕಾನೂನು ಅಲ್ಲಿಯವರೆಗೆ ಬಂದಿಲ್ಲ. ದೇಶದಲ್ಲಿ 2020-21ರಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು, 2029-30ಕ್ಕೆ ಅವರು 2.35 ಕೋಟಿ ಆಗಬಹುದು ಎಂದು ನೀತಿ ಆಯೋಗ 2022ರಲ್ಲಿ ಅಂದಾಜು ಕೊಟ್ಟಿತು. ಕರ್ನಾಟಕ 2025ರಲ್ಲಿ, ಮೊದಲು ಸುಗ್ರೀವಾಜ್ಞೆಯಾಗಿ ಆಮೇಲೆ ಕಾಯ್ದೆಯಾಗಿ, ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾನೂನು ತಂದಿದೆ. ಕಲ್ಯಾಣ ಶುಲ್ಕ ಶೇಕಡಾ 1ರಿಂದ 5, ಮಂಡಳಿ, ಕೆಲಸದಿಂದ ತೆಗೆಯುವ ಮೊದಲು 14 ದಿನಗಳ ನೋಟಿಸ್, ಇವೆಲ್ಲ ಒಳ್ಳೆಯವೇ. ಬೈಕಿನ ಮೇಲೆ ಊಟ ಒಯ್ಯುವವರಿಗೆ, ಕ್ಯಾಬ್ ಓಡಿಸುವವರಿಗೆ ಇದು ದೊಡ್ಡ ಆಸರೆ. ಆದರೆ ಈ ಕಾನೂನು ನಿಂತಿರುವುದು ಆ್ಯಪ್ ಮತ್ತು ಕೆಲಸಗಾರರ ನಡುವೆ. ಫೈಲ್ ಇಸಿದುಕೊಂಡು ಸುಮ್ಮನಾದ ಮೂರನೆಯವನ ಮೇಲೆ ಅದರ ಕೈ ಚಾಚುವುದಿಲ್ಲ.

ಆ ಮೂರನೆಯವನಿಗೆ ತಾಗುವ ಕಾನೂನು ಬೇರೆ ಕಪಾಟಿನಲ್ಲಿದೆ, ಅದನ್ನು ಫ್ರೀಲಾನ್ಸರ್‌ಗಳು ತಮ್ಮದೆಂದು ಅಂದುಕೊಳ್ಳುವುದೇ ಕಡಿಮೆ. ಅದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆ. ಉದ್ದಿಮೆ ಎಂದರೆ ಲೇತ್ ಮೆಷಿನ್ನೇ ಇರಬೇಕಾಗಿಲ್ಲ, ಸೇವೆಯೂ ಸೇರುತ್ತದೆ. ಒಬ್ಬಳೇ ಕೂತು ಅನುವಾದ ಮಾಡುವ ಹೆಂಗಸೂ ಆಧಾರ್, ಪಾನ್ ಇಟ್ಟುಕೊಂಡು ಉದ್ಯಮ್ ಪೋರ್ಟಲ್‌ನಲ್ಲಿ ಖರ್ಚಿಲ್ಲದೆ ನೋಂದಾಯಿಸಿಕೊಳ್ಳಬಹುದು. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿರುವುದು ಕ್ಷೇಮ. ಈ ಕಾಯ್ದೆಯಲ್ಲಿ ನನಗೆ ತುಂಬ ಹಿಡಿಸಿದ ಭಾಗ, ಅದು ಮೌನದ ಬಗ್ಗೆ ಹೇಳುವ ಮಾತು. ಸರಕು ಅಥವಾ ಸೇವೆ ತಲುಪಿದ 15 ದಿನಗಳೊಳಗೆ ಕೊಂಡವನು ಲಿಖಿತ ಆಕ್ಷೇಪ ಎತ್ತದಿದ್ದರೆ, ತಲುಪಿದ ದಿನವೇ ಒಪ್ಪಿದಂತೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. 2017ರಿಂದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಈ ದೂರುಗಳನ್ನು ವಿಚಾರಿಸುವ ರಾಜ್ಯದ ಮಂಡಳಿ ತೀರ್ಪು ಕೊಟ್ಟ ಮೇಲೆ ಅದನ್ನು ಪ್ರಶ್ನಿಸಬೇಕೆಂದರೆ ಕೊಂಡವನು ಮೊದಲು ಮುಕ್ಕಾಲು ಪಾಲು ದುಡ್ಡನ್ನು ಕೋರ್ಟಿನಲ್ಲಿ ಇಡಬೇಕು.

ನ್ಯೂಯಾರ್ಕ್ ನಗರ 2017ರಲ್ಲಿ ಫ್ರೀಲಾನ್ಸರ್‌ಗಳಿಗೆಂದೇ ಜಾರಿಗೆ ತಂದ ಕಾನೂನೂ ಇದೇ ಹಾದಿಯದು. 800 ಡಾಲರ್ ಮತ್ತು ಮೇಲಿನ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ. ಪಾವತಿಯ ದಿನ ಹೇಳಿರದಿದ್ದರೆ ಕೆಲಸ ಮುಗಿದ 30 ದಿನಗಳೊಳಗೆ ಕೊಡಬೇಕು. 2024ರ ಆಗಸ್ಟ್‌ನಿಂದ ಅದು ಇಡೀ ನ್ಯೂಯಾರ್ಕ್ ರಾಜ್ಯಕ್ಕೆ ಬಂತು.

ಮೌನಕ್ಕೆ ಬೆಲೆ ಕಟ್ಟಿದಾಗ ಗಿರಾಕಿ ಏನು ಮಾಡುತ್ತಾನೆ ಎಂಬುದನ್ನು ನಮ್ಮ ಜವಳಿ ಪೇಟೆಗಳು ನೋಡಿಯಾಗಿದೆ. ಸೂಕ್ಷ್ಮ, ಸಣ್ಣ ಉದ್ದಿಮೆಗಳಿಗೆ 2006ರ ಕಾಯ್ದೆಯ ಗಡುವಿನೊಳಗೆ ದುಡ್ಡು ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂಬ ನಿಯಮ, 43ಬಿ(ಎಚ್), 2024ರ ಏಪ್ರಿಲ್‌ನಿಂದ ಜಾರಿಗೆ ಬಂತು. ಕಾಯ್ದೆಯ ಬಡ್ಡಿಗೆ ಹೆದರದವರು ತೆರಿಗೆಗೆ ಹೆದರಿದರು. ಕೆಲವರು ಬೇಗ ದುಡ್ಡು ಕೊಟ್ಟರು. ಇನ್ನು ಕೆಲವರು ನೋಂದಣಿ ಇದ್ದವರಿಂದ ಮಾಲು ಎತ್ತುವುದನ್ನೇ ಬಿಟ್ಟರು. ಉದ್ಯಮ್ ನೋಂದಣಿಯನ್ನೇ ರದ್ದು ಮಾಡಿಸಿ ಬಾ ಎಂದು ಮಾರುವವರಿಗೆ ಹೇಳಿದ ಕೊಳ್ಳುವವರ ಸುದ್ದಿಗಳು ಸೂರತ್ ಸೇರಿದಂತೆ ಜವಳಿ ಮಾರುಕಟ್ಟೆಗಳಿಂದ ಬಂದವು. ಮಟಿಯಾಬುರ್ಜ್‌ನ ಓಸ್ತಾಗರ್‌ಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಉದ್ರಿ ನಿಲ್ಲಿಸುತ್ತೇನೆ ಎಂದ ಕೂಡಲೇ ಪಕ್ಕದ ಮಳಿಗೆಗೆ ಹೋಗುವ ಗಿರಾಕಿಯನ್ನು ಅವನು ದಿನಾ ನೋಡುವವನು.

ಇಷ್ಟೆಲ್ಲ ಕಾನೂನೂ ದೇಶದ ಒಳಗಿನ ಗಿರಾಕಿಗೆ ಮಾತ್ರ. ಟೆಕ್ಸಾಸಿನಲ್ಲೋ ದುಬೈಯಲ್ಲೋ ಕೂತವನಿಗೆ ಕರ್ನಾಟಕದ ಮಂಡಳಿಯ ನೋಟಿಸ್ ಕಾಗದದ ಚೂರು. ಅಲ್ಲಿ ಉಳಿಯುವುದು ಎಸ್ಕ್ರೊ ಒಂದೇ. ‘ತಾಣದ ಕಮಿಷನ್ ಯಾಕೆ, ನೇರ ವಾಟ್ಸ್ಆ್ಯಪ್‌ನಲ್ಲಿ ಮಾತಾಡೋಣ’ ಎಂದು ಕರೆಯುವವನ ಜತೆ ಹೊರಗೆ ಹೆಜ್ಜೆ ಇಟ್ಟರೆ ಅದೂ ಹೋಯಿತು. ಫೈವರ್ ಮುರಿದುಕೊಳ್ಳುವ ಶೇಕಡಾ 20 ಹೊಟ್ಟೆ ಉರಿಸುತ್ತದೆ, ನಿಜ. ಆ ಇಪ್ಪತ್ತರಲ್ಲಿ ಮೂರು ದಿನದ ಆ ಗಡುವಿನ ಬೆಲೆಯೂ ಸೇರಿದೆ ಎಂದುಕೊಂಡರೆ ಉರಿ ಸ್ವಲ್ಪ ಕಡಿಮೆಯಾದೀತು.

ದೇಶದೊಳಗಿನ ಕೆಲಸವಾದರೆ ಶುರುವಿನ ಇಮೇಲ್‌ನಲ್ಲೇ ಎರಡು ಸಾಲು ಹಾಕುವ ರೂಢಿಯನ್ನು ಕೆಲವು ಅನುಭವಿಗಳು ಮಾಡಿಕೊಂಡಿದ್ದಾರೆ. ಕೆಲಸವನ್ನು ಮೂರು ಕಂತು ಮಾಡಿ, ಒಂದರ ದುಡ್ಡು ಬಂದ ಮೇಲೆ ಇನ್ನೊಂದು ಕಳಿಸುತ್ತೇನೆ ಎಂದು ಒಂದು. ಕಳಿಸಿದ 15 ದಿನಗಳಲ್ಲಿ ಲಿಖಿತ ಆಕ್ಷೇಪ ಬಾರದಿದ್ದರೆ ಒಪ್ಪಿದಂತೆ ಭಾವಿಸುತ್ತೇನೆ, ಉದ್ಯಮ್ ಸಂಖ್ಯೆ ಇದು ಎಂದು ಇನ್ನೊಂದು. ಇದನ್ನು ಓದಿ ಮುನಿಸಿಕೊಂಡು ಉತ್ತರವನ್ನೇ ಕೊಡದೆ ಹೋಗುವ ಗಿರಾಕಿಗಳೂ ಇದ್ದಾರೆ. ಅವರು ಹೋಗುವುದು ಮೊದಲ ಪುಟ ಅನುವಾದವಾಗುವ ಮುಂಚೆ.